ನಾಲ್ಕನೇ ಜ್ವರ ಎದ್ದ ಮೇಲೆ ಪ್ಯಾರಿಸ್

ಕೆಲವರ ಮನೇಲಿ ಪ್ರವಾಸ ಹೋಗಿ ಬಂದ್ಮೇಲೆ ಹೇಳ್ಕೊಳ್ಳೋಕೆ ಕಥೆ ಇರ್ತವೆ. ನಮ್ಮನೇಲಿ ಹೊರಡೋಕೆ ಮುಂಚೇನೇ ಎಲ್ಲಾ ನಡೆದುಹೋಗಿರುತ್ತೆ. ನಾನು ಶಿಡ್ಲಘಟ್ಟದ ಪಕ್ಕದ ಹಳ್ಳೀಲಿ ಸಮಾಜ ವಿಜ್ಞಾನದ ಮೇಷ್ಟ್ರು. ಯಾವ ದೇಶ ಎಲ್ಲಿದೆ ಅಂತ ಭೂಪಟದಲ್ಲಿ ಕೋಲಿಟ್ಟು ತೋರಿಸ್ತೀನಿ. ಸ್ವಂತ ಕಾಲು ಮಾತ್ರ ತಿರುಪತಿ ದಾಟಿರ್ಲಿಲ್ಲ. ಅದಕ್ಕೆ ಕಾರಣ ನನ್ನ ಹೆಂಡ್ತಿ ಸಾಕೋ ರೇಷ್ಮೆ ಹುಳ.

ಮೇ ತಿಂಗಳ ಹಾಳೆ

ರೇಷ್ಮೆ ಹುಳ ಪೊರೆ ಬಿಡೋ ಮುಂಚೆ ಹಿಪ್ಪುನೇರಳೆ ಸೊಪ್ಪು ತಿನ್ನೋದು ನಿಲ್ಲಿಸಿ, ತಲೆ ಎತ್ಕೊಂಡು ಧ್ಯಾನಕ್ಕೆ ಕೂತಂಗೆ ಕೂತ್ಬಿಡ್ತವೆ. ನಮ್ಮ ಕಡೆ ಅದನ್ನ ಜ್ವರ ಅಂತಾರೆ, ಪೊರೆ ಬಿಟ್ಟು ಮತ್ತೆ ತಿನ್ನೋಕೆ ಶುರು ಮಾಡಿದ್ರೆ ಜ್ವರ ಎದ್ವು ಅಂತಾರೆ. ಗೂಡು ಕಟ್ಟೋ ಅಷ್ಟೊತ್ತಿಗೆ ನಾಲ್ಕು ಜ್ವರ ಆಗುತ್ತೆ, ಆಗೆಲ್ಲಾ ಹುಳ ಬಿಟ್ಟು ಹೋಗೋ ಹಾಗಿಲ್ಲ. ಮದುವೆಯಾದ ಹೊಸದರಲ್ಲಿ ನಾವು ಮೈಸೂರಿಗೆ ಹೊರಟಿದ್ವಿ, ಮೂರನೇ ಜ್ವರ. ಆಮೇಲೊಂದ್ಸಲ ಧರ್ಮಸ್ಥಳಕ್ಕೆ, ನಾಲ್ಕನೇ ಜ್ವರ. ಬ್ಯಾಗು ತುಂಬಿಸೋದು, ಖಾಲಿ ಮಾಡೋದು ನಮಗೆ ಅಭ್ಯಾಸ ಆಗ್ಬಿಟ್ಟಿತ್ತು.

ಒಲೆ ಪಕ್ಕದ ಗೋಡೇಲಿ ಹಳೇ ಕ್ಯಾಲೆಂಡರಿನ ಒಂದೇ ಒಂದು ಹಾಳೆ ಇತ್ತು. ಮೇ ತಿಂಗಳು. ಪ್ಯಾರಿಸ್ಸಿನ ಕಬ್ಬಿಣದ ಗೋಪುರ, ಅದರ ಮುಂದೆ ರಾಶಿ ಹೂವು. ಬೇರೆ ತಿಂಗಳೆಲ್ಲಾ ಬಾಣಲೆ ಮುಚ್ಚೋಕೆ ಹೋಗಿದ್ವು, ಇದೊಂದನ್ನ ಅವಳು ಮುಟ್ಟೋಕೆ ಬಿಟ್ಟಿರ್ಲಿಲ್ಲ.

ನನ್ನ ಸಂಬಳದ ಅರಿಯರ್ಸು ಬಂದ ದಿನ ಅವಳು ಸೌಟು ಎತ್ತಿ ಗೋಡೆ ಕಡೆ ತೋರಿಸಿ, "ಇಲ್ಲಿಗೆ ಹೋಗಣ್ರೀ" ಅಂದ್ಲು.

"ಅಡಿಗೆಮನೆಗಾ?" ಅಂದೆ.

"ಗೋಪುರಕ್ಕೆ! ಎಷ್ಟು ವರ್ಷದಿಂದ ಇದನ್ನ ನೋಡ್ಕೊಂಡು ಸಾರು ಕುದಿಸ್ತಿದೀನಿ. ಒಂದ್ಸಲ ಎದುರಿಗೆ ನಿಂತು ನೋಡ್ಬೇಕು. ಮೇ ತಿಂಗಳಲ್ಲೇ. ಹೂವು ಇರ್ಬೇಕು."

ಅವಳು ಏನನ್ನೂ ಕೇಳಿದೋಳೇ ಅಲ್ಲ. ನನಗೆ ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. "ಸರಿ. ಅಲ್ಲಿ ಮೇ ಅಂದ್ರೆ ವಸಂತ ಕಾಲ ಕಣೇ" ಅಂತ ಪಾಠ ಶುರು ಮಾಡ್ದೆ.

"ನಮಗೆ?"

"ನಮಗೆ ಬೇಸಿಗೆ."

"ಅದೇ ತಿಂಗಳು ಅವರಿಗೆ ವಸಂತ, ನಮಗೆ ಉರಿ ಬಿಸಿಲಾ? ಇದನ್ನ ಹಂಚಿದೋರು ಯಾರ್ರೀ?"

ನನ್ನ ಸರ್ವೀಸಲ್ಲಿ ಯಾವ ಮಗೂನೂ ಕೇಳದ ಪ್ರಶ್ನೆ. ಅನ್ನ ಬಡಿಸು ಅಂದೆ.

ಚಳಿ ನೋಡಿದ್ದು

ಚಿಕ್ಕಬಳ್ಳಾಪುರದ ಟೂರಿನೋನು, "ಮೇನಲ್ಲೂ ಅಲ್ಲಿ ಚಳಿ ಇರುತ್ತೆ ಮೇಷ್ಟ್ರೇ" ಅಂದ. ಎಷ್ಟು ಚಳಿ ಅಂದ್ರೆ ಹೇಳೋಕೆ ಅವನಿಗೂ ಗೊತ್ತಿಲ್ಲ, ಅವನೂ ಹೋದೋನಲ್ಲ.

ನನ್ನ ಭಾವಮೈದ ಉಪಾಯ ಹೇಳ್ದ. ಅವನಿಗೆ ಪರಿಚಯದೋರ ಕೋಲ್ಡ್ ಸ್ಟೋರೇಜು ಚಿಂತಾಮಣಿ ರಸ್ತೇಲಿತ್ತು, ಒಳಗೆಲ್ಲಾ ಆಲೂಗಡ್ಡೆ ಮೂಟೆ. "ಅಕ್ಕನ್ನ ಒಂದರ್ಧ ಗಂಟೆ ಅದರೊಳಗೆ ಕೂರ್ಸಣ ಭಾವ. ತಡ್ಕೊಂಡ್ರೆ ಪ್ಯಾರಿಸ್ಸು, ಇಲ್ದಿದ್ರೆ ಊಟಿ."

ಹೊರಗೆ ಟಾರು ಕರಗೋ ಬಿಸಿಲು. ಇವಳು ಸ್ವೆಟರು, ಮಂಕಿ ಟೋಪಿ, ನನ್ನ ಎರಡು ಜೊತೆ ಕಾಲುಚೀಲ ಹಾಕ್ಕೊಂಡು ಆಟೋದಿಂದ ಇಳಿದ್ಲು. ವಾಚ್‌ಮನ್ ನನ್ನ ಹತ್ರ ಬಂದು ಮೆಲ್ಲಗೆ, "ಏನು ಸಾರ್ ಕಾಯಿಲೆ, ಪಾಪ?" ಅಂದ.

ಅರ್ಧ ಗಂಟೆಯಾದ್ಮೇಲೆ ಬಾಗಿಲು ತೆಗೆದ್ವಿ. ಮೂಟೆ ಮೇಲೆ ಕೂತಿದ್ದೋಳು ಕೆಂಪು ಮೂಗು ಒರೆಸ್ಕೊಂಡು ಎದ್ದು ಬಂದ್ಲು.

"ಹೆಂಗಿದೆ?"

"ಪ್ಯಾರಿಸ್ಸು ಚೆನ್ನಾಗಿದೆ ಕಣ್ರೀ. ಸ್ವಲ್ಪ ಆಲೂಗಡ್ಡೆ ವಾಸನೆ."

ಎದುರು ಮನೆ ಅಜ್ಜಿ

ಸುದ್ದಿ ಬೀದಿಗೆಲ್ಲಾ ಹಬ್ಬಿತು. ಎದುರು ಮನೆ ಅಜ್ಜಿ ಬಂದು, "ಏಮ್ಮಾ, ಪ್ಯಾರೀಸ್ಕಿ ಪೋತಾ ಉನ್ನಾರಂಟ?" ಅಂತ ತೆಲುಗಲ್ಲಿ, ಪ್ಯಾರೀಸಿಗೆ ಹೋಗ್ತಿರೋದು ನಿಜಾನಾ ಅಂತ ವಿಚಾರಿಸಿದ್ರು. ಹೌದಜ್ಜಿ ಅಂದ್ವಿ.

"ನಾನೂ ನಮ್ಮೆಜಮಾನ್ರ ಜೊತೆ ಹೋಗಿದ್ದೆ ಕಣಮ್ಮ. ಹೈಕೋರ್ಟ್ ಪಕ್ಕ ತಾನೇ?"

ಅಜ್ಜಿ ಹೇಳ್ತಿದ್ದಿದ್ದು ಮದ್ರಾಸಲ್ಲಿರೋ ಪ್ಯಾರೀಸು ಅನ್ನೋ ಪೇಟೆ ಅಂತ ಗೊತ್ತಾಗೋಕೆ ಸ್ವಲ್ಪ ಹೊತ್ತು ಬೇಕಾಯ್ತು. ಬಿಡಿಸಿ ಹೇಳೋಕೆ ಮುಂಚೇನೇ ಒಂದು ಡಬ್ಬಿ ನಿಪ್ಪಟ್ಟು ನನ್ನ ಕೈಗೆ ಬಂತು. "ನಮ್ಮ ತಮ್ಮನ ಮಗ ಅಲ್ಲೇ ಬಸ್ ಸ್ಟ್ಯಾಂಡ್ ಹಿಂದೆ ಇದಾನೆ. ಕೊಟ್ಬಿಡಪ್ಪ. ಬರೋವಾಗ ಡಬ್ಬಿ ಮರೀಬೇಡ."

ಮನೆ ತುಂಬಾ ಜ್ವರ

ಆ ವರ್ಷ ನಮ್ಮ ಕಡೆ ಮನುಷ್ಯರಿಗೂ ಕೀಲು ಹಿಡಿಯೋ ಜ್ವರ ಬರ್ತಿತ್ತು. ಟೂರಿನೋನ ಆಫೀಸಿಂದ ಒಬ್ಬ ಹುಡುಗಿ ಇನ್ಶೂರೆನ್ಸ್ ವಿಷಯಕ್ಕೆ ಫೋನ್ ಮಾಡಿದ್ಲು. ಇವಳೇ ಎತ್ತಿದ್ಲು. ನಾನು ಪಕ್ಕದಲ್ಲೇ ಕೂತು ಸ್ಪೀಕರಲ್ಲಿ ಕೇಳ್ತಿದ್ದೆ.

"ಮನೇಲಿ ಎಲ್ರೂ ಹುಷಾರಾಗಿದೀರಾ ಮೇಡಂ?"

"ಎಲ್ಲಾ ಜ್ವರಕ್ಕೆ ಕೂತವೆ ಕಣಮ್ಮ. ಮೂರಾಯ್ತು, ಇದು ನಾಲ್ಕನೇ ಜ್ವರ."

"ಅಯ್ಯೋ! ಎಷ್ಟು ಜನಕ್ಕೆ?"

"ಎಣಿಸೋಕಾಗುತ್ತಾ? ಮನೆ ತುಂಬಾ ಅವೆ."

"ಡಾಕ್ಟರ್‌ಗೆ ತೋರಿಸಿದ್ರಾ?"

"ಡಾಕ್ಟರ್ ಯಾಕಮ್ಮ? ಊಟ ನಿಲ್ಲಿಸಿ, ಮೇಲೆ ಸುಣ್ಣ ಉದುರ್ಸಿ ಬಿಟ್ಬಿಡೋದು. ಏಳೋವು ಏಳ್ತವೆ. ಏಳದೇ ಇರೋವನ್ನ ಆರಿಸಿ ತಿಪ್ಪೆಗೆ ಹಾಕೋದು."

ಫೋನು ಕಟ್ಟಾಯ್ತು. ಸಾಯಂಕಾಲ ಟೂರಿನೋನು ಮೂಗಿಗೆ ಕರ್ಚೀಫು ಕಟ್ಕೊಂಡು ನಮ್ಮ ಬಾಗಿಲಲ್ಲಿ ನಿಂತಿದ್ದ. ಒಳಗೆ ಕರೆದು ತಟ್ಟೆಗಳನ್ನ ತೋರಿಸ್ದೆ. ಹುಳ ನೋಡಿ ಕರ್ಚೀಫು ಬಿಚ್ಚಿ, "ಇಷ್ಟು ಜನಕ್ಕೂ ಟಿಕೆಟ್ ಬೇಕಾ ಮೇಷ್ಟ್ರೇ?" ಅಂದ.

ಗ್ಯಾರಂಟಿ

ಕೊನೇದು ವೀಸಾ. ಆ ಬೆಳೆ ಅಷ್ಟೊತ್ತಿಗೆ ಜ್ವರ ಎದ್ದು ಗೂಡು ಕಟ್ಟಿ ಮಾರ್ಕೆಟ್ಟಿಗೆ ಹೋಗಿತ್ತು. ನಾವು ವಾಪಸ್ ಬರೋ ಹೊತ್ತಿಗೆ ಮನೆಗೆ ಬರ್ಲಿ ಅಂತ ಇವಳು ಮೊಟ್ಟೆ ಲೆಕ್ಕದಲ್ಲಿ ಮುಂದಿನ ಮರಿ ಹುಳಾನೂ ಹೇಳಿಟ್ಟಿದ್ಲು.

ಬೆಂಗಳೂರಿನ ಆಫೀಸಲ್ಲಿ ಗಾಜಿನಾಚೆ ಒಬ್ಬ ಬಿಳೀ ಸಾಹೇಬ್ರು, ಪಕ್ಕದಲ್ಲಿ ನಮ್ಮ ಮಾತನ್ನ ಅವರಿಗೆ ಹೇಳೋಕೆ ಒಬ್ಬ ಕನ್ನಡದ ಹುಡುಗಿ. ಯಾವ ಊರಿಗೆ ಅಂತ ಕೇಳಿದ್ರೆ ತೋರಿಸೋಕೆ ಇವಳು ಮೇ ತಿಂಗಳ ಹಾಳೆ ಮಡಿಸಿ ಬ್ಯಾಗಲ್ಲಿ ತಂದಿದ್ಲು. ಸೆರಗಿನ ತುದೀನ ಬೆರಳಿಗೆ ಸುತ್ತೋದು, ಬಿಚ್ಚೋದು. ಸಾಹೇಬ್ರು ಇಲ್ಲ ಅಂದ್ರೆ ಆ ಹಾಳೆ ವಾಪಸ್ ಗೋಡೆಗೇ ಹೋಗುತ್ತೆ ಅಂತ ನಮ್ಮಿಬ್ಬರಿಗೂ ಗೊತ್ತಿತ್ತು.

"ವಾಪಸ್ ಬರ್ತೀರ ಅನ್ನೋಕೆ ಏನು ಗ್ಯಾರಂಟಿ?" ಹುಡುಗಿ ಕೇಳಿದ್ಲು.

ನಾನು ಜಮೀನಿನ ಪಹಣಿ ಮುಂದಿಟ್ಟೆ. ಸಾಹೇಬ್ರು ಅದನ್ನ ತಲೆಕೆಳಗಾಗಿ ಹಿಡಿದು ನೋಡಿ ವಾಪಸ್ ತಳ್ಳಿದ್ರು.

ಇವಳಿಗೆ ತಡ್ಕೊಳ್ಳೋಕಾಗ್ಲಿಲ್ಲ. "ಬರ್ದೇ ಇರೋಕೆ ಹೆಂಗಾಗುತ್ತಮ್ಮ? ಜ್ವರ ಬಂದಾಗ ನಾನು ಹತ್ರ ಇರ್ಬೇಡ್ವಾ?"

ಹುಡುಗಿ ಇಂಗ್ಲಿಷಲ್ಲಿ ಹೇಳಿದ್ಲು. ಸಾಹೇಬ್ರ ಮುಖ ಮೆತ್ತಗಾಯ್ತು. "ಎಷ್ಟು ಮಕ್ಕಳು ಅಂತ ಕೇಳ್ತಿದಾರೆ."

"ಈ ಸಲ ಇನ್ನೂರು ಮೊಟ್ಟೆ ಹೇಳಿದೀನಿ."

ಹುಡುಗಿ ಪೆನ್ನು ಕೆಳಗಿಟ್ಲು. ನಾನು "ರೇಷ್ಮೆ ಹುಳ, ರೇಷ್ಮೆ ಹುಳ" ಅಂತ ಗಾಜಿನ ಮೇಲೆ ಬೆರಳನ್ನ ಹುಳದ ಥರ ಹರಿದಾಡಿಸ್ದೆ. ಸಾಹೇಬ್ರಿಗೆ ಅರ್ಥವಾಯ್ತು. ಕನ್ನಡಕ ತೆಗೆದು ಕಣ್ಣೊರೆಸ್ಕೊಳ್ಳೋ ಹಂಗೆ ನಕ್ರು. ಹದಿನೈದು ದಿನ ಕೊಡ್ತಾರಂತೆ ಅಂದ್ಲು ಹುಡುಗಿ.

"ಅಷ್ಟು ಬೇಡಮ್ಮ, ಹತ್ತು ಸಾಕು. ಮರಿ ಹುಳ ಬಂದ್ಬಿಡ್ತವೆ. ಇವ್ರು ಬೇಕಾದ್ರೆ ಹದಿನೈದೂ ದಿನ ಅಲ್ಲೇ ಇರ್ಲಿ."

ಗೂಡಿನ ಮಾರ್ಕೆಟ್ಟಲ್ಲಿ ನಿಂತಂಗೆ ಚೌಕಾಸಿ ನಡೀತು. ಹನ್ನೆರಡಕ್ಕೆ ಕುದುರಿತು.

ಬಸ್ಸು ದೇವನಹಳ್ಳಿ ದಾಟೋವರೆಗೂ ಅವಳು ಹಾಳೆ ಬಿಚ್ಚಿ ತೊಡೆ ಮೇಲಿಟ್ಕೊಂಡು ನೋಡ್ತಾನೇ ಇದ್ಲು. ನಾನು, "ಅಲ್ಲ ಕಣೇ, ನನ್ನನ್ನ ಅಲ್ಲೇ ಬಿಟ್ಟು ಬರೋಕೂ ತಯಾರಾಗಿದ್ದೆಯಲ್ಲ?" ಅಂದೆ.

ಅವಳು ಕಣ್ಣು ಒದ್ದೆ ಮಾಡ್ಕೊಂಡು ನನ್ನ ಕೈ ಹಿಡ್ಕೊಂಡ್ಲು. "ಏನು ಮಾತು ಅಂತ ಆಡ್ತೀರ್ರೀ. ನಿಮ್ಮನ್ನ ಬಿಟ್ರೆ ನಂಗೆ ಇನ್ಯಾರವ್ರೆ?"

ನಾನು ಕಣ್ಣೊರೆಸ್ಕೊಳ್ಳೋಕೆ ಜೇಬಲ್ಲಿ ಕರ್ಚೀಫು ಹುಡುಕ್ತಿದ್ದೆ. ಅವಳು ಮಾತು ಮುಗಿಸಿದ್ಲು.

"ಸೊಪ್ಪು ಹೊರೋಕೆ?"