ಮಾವನಿಗೆ ಜಾಗವಿಲ್ಲದ ಕೊಡೆ

ಗುಂಡ್ಲುಪೇಟೆಯಲ್ಲೆಲ್ಲ ದೊಡ್ಡ ಕೊಡೆ ನಮ್ಮ ಸೋದರಮಾವನದು. ಮಳೆ ಬಂದರೆ ಊರಿಗೆಲ್ಲ ಮೊದಲು ತೊಯ್ದು ತೊಪ್ಪೆಯಾಗುತ್ತಿದ್ದವನೂ ಅವನೇ! ನಂಬುವುದಿಲ್ಲವೇ? ನಮ್ಮತ್ತೆ ಇದ್ದಿದ್ದರೆ ಸಾಕ್ಷಿ ಹೇಳುತ್ತಿದ್ದಳು, ಜೊತೆಗೆ ನಾಲ್ಕು ಬೈಗುಳವನ್ನೂ ಸೇರಿಸಿ.

ಗೇಣಿಗೊಂದು ತೇಪೆಯಿದ್ದ ಆ ಕರಿಕೊಡೆ ಸಂತೆಯಿಂದ ಬರುವ ಮುದುಕಿಯ ಮೇಲಿರುತ್ತಿತ್ತು, ಆಗತಾನೇ ಹುಟ್ಟಿದ ಕರುವಿನ ಮೇಲಿರುತ್ತಿತ್ತು, ಮಾವನ ತಲೆಯ ಮೇಲೆ ಮಾತ್ರ ಇರುತ್ತಿರಲಿಲ್ಲ.

"ನಿಮ್ ತಲೆ ಏನ್ ಬಂಡೆಕಲ್ಲಾ?" ಎಂದು ಅತ್ತೆ ಟವೆಲ್ಲು ಎಸೆಯುವಳು.

"ನಾನು ನೆಂದ್ರೆ ಒಣಗ್ತೀನಿ ಬುಡು." ಮಾವನ ಬಳಿ ಇದ್ದದ್ದು ಇದೊಂದೇ ಉತ್ತರ.

ಏಕೀಕರಣಕ್ಕೆ ಇನ್ನೂ ಎರಡು ಮೂರು ವರ್ಷ ಇದ್ದ ಕಾಲ ಅದು. ಬಸ್ಸು ನಿಲ್ಲುವ ಜಾಗದಲ್ಲಿ ಒಂದು ಹುಣಸೆಮರ ಬಿಟ್ಟರೆ ಬೇರೆ ಮರೆಯೇ ಇರಲಿಲ್ಲ. ಒಂದು ದಿನ ಎಮ್ಮೆಗೆ ಹಿಂಡಿ ತರುತ್ತೇನೆಂದು ಆ ಕಡೆ ಹೋದ ಮಾವನ ಪತ್ತೆಯೇ ಇಲ್ಲ! ಮಾರನೆಯ ದಿನ ಅರಣ್ಯ ಇಲಾಖೆಯ ಲಾರಿಯಿಂದ ಇಳಿದ.

"ಎಲ್ಲಿಗ್ ಓಗಿದ್ರಿ?"

"ಬಂಡೀಪುರಕ್ಕೆ."

"ಯಾಕೆ, ಹುಲಿ ಏಳಿಕಳಿಸಿತ್ತಾ?"

"ಬಸ್ಸಿನ ಟಾಪು ಸೋರ್ತಿತ್ತು ಕಣೆ. ಒಂದಜ್ಜಿ ತಲೆ ಮೇಲೇ ತೊಟ್ಟಿಕ್ತಿತ್ತು. ಬಸ್ ಹತ್ತಿ ಕೊಡೆ ಹಿಡ್ಕಂಡೆ. ಬಸ್ಸು ಹೊಂಟೋಯ್ತು. ನಡೂ ದಾರೀಲಿ ಅಜ್ಜಿನ ಬುಟ್ಟು ಎಂಗ್ ಇಳೀಲಿ?"

ಬಸ್ಸಿನೊಳಗೆ ಕೊಡೆ! ಕಂಡಕ್ಟರು ಮೊದಲು ಬಾಯಿಗೆ ಬಂದಂತೆ ಬೈದನಂತೆ. ಸೋರಿಕೆ ತನ್ನ ಸೀಟಿಗೂ ಬಂದಾಗ ಅವನೇ ಕೊಡೆಯೊಳಗೆ ತಲೆ ತೂರಿಸಿದನಂತೆ. ಎಮ್ಮೆಯ ಹಿಂಡಿಯ ವಿಷಯವನ್ನು ಮಾತ್ರ ಯಾರೂ ಎತ್ತಲಿಲ್ಲ.

ಶಾಲೆಯಲ್ಲಿದ್ದಾಗ ಮೇಷ್ಟ್ರು ಒಮ್ಮೆ 'ಆಸರೆ' ಎಂದರೇನು ಬರೆಯಿರಿ ಎಂದರು. ಪಕ್ಕದವಳು ಸೂರು ಎಂದು ಬರೆದಳು, ಇನ್ನೊಬ್ಬಳು ಮರದ ನೆರಳು ಎಂದಳು, ಒಬ್ಬ ಜಾಣ 'ಮಳೆ ಬಂದಾಗ ಮಂದಿ ಮನೆ ಜಗಲಿ' ಎಂದ. ಎಲ್ಲರದ್ದೂ ಸರಿ! ನಾನು 'ನಮ್ಮ ಮಾವನ ಕೊಡೆ' ಎಂದು ಬರೆದೆ. ಸೊನ್ನೆ! ಅನ್ಯಾಯವಲ್ಲವೇ? ಒಂದೇ ವಾರದಲ್ಲಿ ಅಪ್ಪ ಅಮ್ಮ ಇಬ್ಬರೂ ಜ್ವರಕ್ಕೆ ಹೋದಾಗ ನನಗೆ ಮೂರು ವರ್ಷ. ಚಂದಕವಾಡಿಯಿಂದ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು, ಆ ಕೊಡೆ ಹಿಡಿದೇ ಮಾವ ತಂದದ್ದು. ನನಗೆ ಬೇರೆ ಅರ್ಥ ಗೊತ್ತಿದ್ದರೆ ತಾನೇ ಬರೆಯುವುದು!

ನನ್ನನ್ನು ನೋಡಲು ಬರುವ ಗಂಡಿನ ಕಡೆಯವರನ್ನು ಕರೆತರಲು ಇಂಥವನನ್ನು ಕಳಿಸಬಹುದೇ? ಅತ್ತೆ ಕಳಿಸಿದಳು! ತಬ್ಬಲಿ ಹುಡುಗಿ ಎಂದು ಎರಡು ಸಂಬಂಧ ಆಗಲೇ ತಪ್ಪಿಹೋಗಿದ್ದವು. ಇದೂ ತಪ್ಪಿದರೆ ಗತಿಯೇನೆಂದು ಅತ್ತೆ ಮೂರು ದಿನದಿಂದ ನಿದ್ದೆ ಮಾಡಿರಲಿಲ್ಲ. ಚಾಮರಾಜನಗರದ ಬಸ್ಸು ಬರುವ ಹೊತ್ತಿಗೆ ಆಕಾಶವೇ ಹರಿದುಬಿತ್ತು. ಅರ್ಧ ಗಂಟೆ ಕಳೆದು ಬೀಗರಾಗಬೇಕಾದವರು ದಾರಿ ಕೇಳಿಕೊಂಡು, ನೀರಿಳಿಸುತ್ತಾ ತಾವೇ ಬಂದರು.

"ಕರ್ಕಂಡ್ ಬರಕ್ಕೆ ಒಬ್ರೂ ಇರ್ನಿಲ್ವಾ ಈ ಮನೇಲಿ?" ಗಂಡಿನ ಅಪ್ಪ ಗುಡುಗಿದರು. ಒಳಗೆ ನಾನು ಹಿಡಿದಿದ್ದ ಕಾಫಿ ಲೋಟವನ್ನು ಕೆಳಗಿಟ್ಟೆ. ಅಷ್ಟರಲ್ಲಿ ಮಾವ ಬಂದ. ತಲೆಯಿಂದ ಕಾಲಿನವರೆಗೆ ನೀರು, ಕೈಯಲ್ಲಿ ಕೊಡೆಯೂ ಇಲ್ಲ!

"ಕೊಡೆ ಎಲ್ಲಿ?" ಅತ್ತೆ ಕಿರುಚಿದಳು.

"ದಾರೀಲಿ ಕುಂಬಾರಮ್ಮ ಸಿಕ್ಕುದ್ಲು. ಮಂಕ್ರಿ ತುಂಬಾ ಹಸಿ ಮಡಕೆ!" ಎಂದು ಮಾವ ಬೀಗರ ಕಡೆ ತಿರುಗಿ ಕೈಮುಗಿದ. "ತೆಪ್ಪಾಯ್ತು ಕಣ್ರಪ್ಪಾ. ಆದ್ರೆ ನೀವು ನೆಂದ್ರೆ ಒಣಗ್ತೀರಿ. ಅವು ನೆಂದ್ರೆ ಮಣ್ಣಾಗ್ಬುಡ್ತವೆ!"

ಅತ್ತೆ ಹಣೆ ಚಚ್ಚಿಕೊಂಡಳು. ನನ್ನ ಕಥೆ ಮುಗಿಯಿತು ಎಂದುಕೊಂಡೆ. ಆಗ ಗಂಡಿನ ತಾಯಿ ಸೆರಗು ಹಿಂಡುತ್ತಾ ಹಿಂಡುತ್ತಾ ಕಿಸಕ್ಕನೆ ನಕ್ಕುಬಿಟ್ಟರು. "ಮಡಕೇನೇ ಇಂಗ್ ನೋಡ್ಕಳ್ಳೋ ಮನೆ. ಹುಡುಗೀನ ಎಂಗ್ ಸಾಕಿರಬೇಡ! ಕರೀರಿ ಅವಳ್ನ" ಎಂದರು. ನನ್ನ ಮದುವೆಗೆ ಬಂದದ್ದೂ ಆ ಕುಂಬಾರಮ್ಮನ ಮಡಕೆಗಳೇ.

ನನ್ನನ್ನು ಗಂಡನ ಮನೆಗೆ ಕಳಿಸುವ ದಿನವೂ ಮಳೆ. ಅಂದು ಬೆಳಿಗ್ಗೆಯೇ ಕೊಡೆ ರಿಪೇರಿ ಸಾಹೇಬರು ಹೊಸ ಬಟ್ಟೆ ಹಾಕಿ, ಮೇಲೆ ಒಂದು ಬಿಂದಿಗೆ ನೀರು ಸುರಿದು, "ಒಂದ್ ತೊಟ್ಟೂ ಇಳಿಯಲ್ಲ, ನೋಡಿ ಯಜಮಾನ್ರೇ" ಎಂದು ತೋರಿಸಿಕೊಟ್ಟಿದ್ದರು. ನಾನು ಬಸ್ಸಿನಲ್ಲಿ ಕೂತೆ. ಮಾವ ಹೊರಗೆ ನಿಂತು ನನ್ನ ಕಿಟಕಿಗೆ ಕೊಡೆ ಹಿಡಿದಿದ್ದ, ತಾನು ನೆನೆಯುತ್ತಾ. ಹದಿನೈದು ವರ್ಷ ಇದನ್ನೇ ನೋಡಿ ನಕ್ಕಿದ್ದವಳಿಗೆ ಅಂದು ತಡೆಯಲಾಗಲಿಲ್ಲ. ಇಳಿದು ಹೋಗಿ ಕೊಡೆ ಕಿತ್ತುಕೊಂಡು ಅವನ ತಲೆಯ ಮೇಲೆ ಹಿಡಿದೆ. ಸೆರಗಿನಿಂದ ಅವನ ಮುಖ ಒರೆಸಿದೆ.

"ಬ್ಯಾಡ ಕಣಮ್ಮಿ. ನಾನು ನೆಂದ್ರೆ..." ಎಂದ. ಒರೆಸಿದ ಮುಖ ಮತ್ತೆ ಒದ್ದೆಯಾಯಿತು.

"ಮಾವ, ಅಳ್ತಿದ್ದೀಯಾ?"

"ಇಲ್ಲ ಕಣಮ್ಮಿ. ಸಾಹೇಬ್ರು ಮೋಸ ಮಾಡ್ಬುಟ್ರು. ಕೊಡೆ ಸೋರ್ತದೆ."

"ಊಂ ಮಾವ," ಎಂದೆ. "ನನ್ ಕಡೇಗೂ ಸೋರ್ತದೆ."