ಭದ್ರಮ್ಮನ ಹತ್ತು ಬೆರಳು

ಗುಬ್ಬಿಯ ಭದ್ರಮ್ಮ ಮೊಜಾಂಬಿಕ್ ದೇಶಕ್ಕೆ ಹೊರಟಾಗ ಅಡ್ಡ ಬಂದದ್ದು ಅವಳದೇ ಹೆಬ್ಬೆರಳು.

ಮೂವತ್ತು ವರ್ಷ ತೆಂಗಿನ ನಾರು ಹೊಸೆದು ಹೊಸೆದು ಅವಳ ಬೆರಳುಗಳು ಒರಳಿನ ಗುಂಡುಕಲ್ಲಿನಂತೆ ನುಣ್ಣಗಾಗಿದ್ದವು. ರೇಷನ್ ಅಂಗಡಿಯ ಯಂತ್ರ ಅವಳ ಹೆಬ್ಬೆಟ್ಟನ್ನು ಯಾವತ್ತೂ ಒಪ್ಪಿದ್ದಿಲ್ಲ. ಇವತ್ತು ತುಮಕೂರಿಗೆ ಹೋಗಿ ಪಾಸ್‌ಪೋರ್ಟಿಗೆಂದು ಹತ್ತೂ ಬೆರಳಿನ ಗುರುತು ಕೊಡಬೇಕಿತ್ತು. ಅಲ್ಲಿನ ಬಟವಾಡಿಯ ಸೇವಾಸಂಸ್ಥೆಯೊಂದರ ಕೃತಿಕಾ ಎಂಬ ಹುಡುಗಿ ಅವಳನ್ನು ಈ ಪಯಣಕ್ಕೆ ಆರಿಸಿದ್ದಳು. ಮೊಜಾಂಬಿಕ್‌ನ ಸಮುದ್ರದಂಡೆಯ ಒಂದು ಹಳ್ಳಿಯಲ್ಲಿ ತೆಂಗಿನಕಾಯಿ ಸುಲಿದ ಮಟ್ಟೆಯೆಲ್ಲ ಸುಮ್ಮನೆ ಕೊಳೆತು ಹೋಗುತ್ತಿತ್ತಂತೆ. ಒಂದು ತಿಂಗಳು ಅಲ್ಲಿದ್ದು ಏಳು ಹೆಂಗಸರಿಗೆ ಹಗ್ಗ ಹೊಸೆಯಲು ಹೇಳಿಕೊಡಬೇಕು. ತುಮಕೂರು, ದೇವರಾಯನದುರ್ಗ ಬಿಟ್ಟು ಬೇರೆ ಊರು ಕಾಣದ ಭದ್ರಮ್ಮ ಆ ಸುದ್ದಿ ಕೇಳಿದಾಗಿನಿಂದ ನಿದ್ದೆಯಲ್ಲೂ ನಗುತ್ತಿದ್ದಳು.

ಬೆಳಗ್ಗೆಯೇ ಎದುರುಮನೆಯ ನಿವೃತ್ತ ಮೇಷ್ಟ್ರು ಅನಂತರಾಜು ಬಂದರು. "ಭದ್ರಮ್ಮ, ಕೈಗೆ ಮೊಸರು ಮೆತ್ಕಳಿ. ಚರ್ಮ ಮೆತ್ತಗಾದ್ರೆ ಗೆರೆ ತಾನಾಗೇ ಎದ್ದು ಬರ್ತವೆ."

"ಮೊಸರಂತೆ ಮೊಸರು! ಕೊಬ್ರಿ ಎಣ್ಣೆ ಹಚ್ಚಕ್ಕ," ಎಂದಳು ಪಕ್ಕದ ಮನೆಯ ಮಹಾಲಕ್ಷ್ಮಮ್ಮ.

ಇಬ್ಬರ ಮನಸ್ಸನ್ನೂ ನೋಯಿಸಬಾರದೆಂದು ಭದ್ರಮ್ಮ ಬಲಗೈಗೆ ಮೊಸರು, ಎಡಗೈಗೆ ಎಣ್ಣೆ ಮೆತ್ತಿಸಿಕೊಂಡಳು. ಮೇಲೆ ಬಾಳೆ ಎಲೆ ಸುತ್ತಿ ದಾರ ಕಟ್ಟಿದ್ದಾಯಿತು. "ಏನೂ ಮುಟ್ಬ್ಯಾಡ ಕಣಕ್ಕ, ನಾನೂ ಬರ್ತೀನಿ" ಎಂದು ಮಹಾಲಕ್ಷ್ಮಮ್ಮ ಜೊತೆಗೇ ಬಸ್ಸು ಹತ್ತಿದಳು.

ಎಲೆಗಡುಬಿನಂಥ ಎರಡು ಕೈ ಮೇಲೆತ್ತಿಕೊಂಡು ನಿಂತವಳನ್ನು ಕಂಡು ಬಸ್ಸಿಗೆ ಬಸ್ಸೇ ಮರುಗಿತು. ಒಬ್ಬಾಕೆ ಎದ್ದು ಸೀಟು ಕೊಟ್ಟಳು.

"ಒಲೆ ಸಿಡೀತಾ ತಾಯಿ?" ಎಂದ ಕಂಡಕ್ಟರು.

"ಇಲ್ಲಪ್ಪ, ಫಾರಿನ್ನಿಗೆ ಹೋಗ್ತಾ ಇದೀನಿ."

ಕಂಡಕ್ಟರು ಇನ್ನಷ್ಟು ಮರುಗಿದ.

ಕಚೇರಿಯಲ್ಲಿ ಕೃತಿಕಾ ಕಾಯುತ್ತಿದ್ದಳು. ಎಲೆ ಬಿಚ್ಚುತ್ತಲೇ ಹುಳಿಮೊಸರಿನ ವಾಸನೆಗೆ ಸಾಲಿನಲ್ಲಿದ್ದವರು ಎರಡು ಹೆಜ್ಜೆ ಹಿಂದೆ ಸರಿದರು. ಗುಮಾಸ್ತ ಸೋಪು ಕೊಟ್ಟು ನಲ್ಲಿಯ ಕಡೆ ಕಳಿಸಿದ. ತೊಳೆದು ಬಂದು ಯಂತ್ರದ ಗಾಜಿಗೆ ಹೆಬ್ಬೆರಳು ಒತ್ತಿದಳು, ಕೆಂಪು ದೀಪ. ಸೆರಗಿನಲ್ಲಿ ಒರೆಸಿ ಮತ್ತೆ ಒತ್ತಿದಳು, ಕೆಂಪು ದೀಪ.

"ಹಂಗಲ್ಲ ಕಣಕ್ಕ, ಅದುಮ್ಬೇಕು!" ಎಂದು ಮಹಾಲಕ್ಷ್ಮಮ್ಮ ಮುಂದೆ ನುಗ್ಗಿ ಬಲವಾಗಿ ಅದುಮಿದಳು. ಹಸಿರು ದೀಪ ಹತ್ತಿತು!

ಭದ್ರಮ್ಮ ಕಣ್ಣುಮುಚ್ಚಿ ದೇವರಿಗೆ ಕೈ ಮುಗಿದಳು. ಕಣ್ಣು ಬಿಟ್ಟಾಗ ತನ್ನ ಎರಡೂ ಕೈ ಎದೆಯ ಮುಂದೆಯೇ ಇದ್ದವು. ಗಾಜಿನ ಮೇಲೆ ಮಾತ್ರ ಇನ್ನೂ ಒಂದು ಹೆಬ್ಬೆರಳಿತ್ತು.

"ಇದ್ಯಾರದಮ್ಮ?" ಎಂದ ಗುಮಾಸ್ತ.

"ನಂದೇ ಸಾರ್," ಎಂದಳು ಮಹಾಲಕ್ಷ್ಮಮ್ಮ ಸಣ್ಣ ದನಿಯಲ್ಲಿ.

ಹದಿನೈದು ದಿನ ಹಗ್ಗದ ಕೆಲಸ ಬಿಟ್ಟು ಮತ್ತೆ ಬರಬೇಕೆಂದು ಗುಮಾಸ್ತ ಹೇಳಿದ. ಅಷ್ಟರಲ್ಲಿ ಅವಳನ್ನು ಕರೆದೊಯ್ಯಬೇಕಿದ್ದ ಸಂಸ್ಥೆಯ ತಂಡ ಹೊರಟುಹೋಗುತ್ತಿತ್ತು. ಭದ್ರಮ್ಮ ಹೊರಗೆ ಬಂದು ಮೆಟ್ಟಿಲ ಮೇಲೆ ಕುಸಿದು ಕೂತಳು. "ಇಷ್ಟು ವರ್ಷ ಹೊಟ್ಟೆಗ್ ಹಾಕಿದ್ ಕೈ ಕಣವ್ವ. ಇವತ್ತು ಕೈ ಕೊಟ್ಬುಡ್ತು."

"ಅಳ್ಬ್ಯಾಡ ಬುಡಕ್ಕ," ಎಂದಳು ಮಹಾಲಕ್ಷ್ಮಮ್ಮ. "ನೀನ್ ಹೋಗಕ್ಕಾಗ್ದಿದ್ರೆ ಅವ್ರನ್ನೇ ಗುಬ್ಬಿಗೆ ಕರಸ್ಕಳಣ. ನಮ್ಮನೇಲೇ ಇರ್ಲಿ, ಮುದ್ದೆ ಮಾಡಿ ಹಾಕ್ತೀನಿ."

ಕೃತಿಕಾಗೂ ಇದು ಸರಿಯೆನಿಸಿತು. ಆ ಹಳ್ಳಿಯಲ್ಲಿದ್ದ ತನ್ನ ಸಂಸ್ಥೆಯವರಿಗೆ ಅಲ್ಲೇ ವಿಡಿಯೋ ಕಾಲ್ ಮಾಡಿ ಇಂಗ್ಲಿಷಿನಲ್ಲಿ ವಿಚಾರಿಸಿದಳು. ಕೇಳುತ್ತ ಕೇಳುತ್ತ ಅವಳ ಮುಖ ಒಂಥರಾ ಆಯಿತು.

"ಏನಂತೆ ಮಗಾ?"

"ಅಮ್ಮ, ಮೊದ್ಲು ಅವ್ರೇ ಇಲ್ಲಿಗೆ ಬರೋಕೆ ಹೊರಟಿದ್ರಂತೆ. ಏಳೂ ಜನ ಚಿಕ್ಕಂದಿನಿಂದ ಮೀನುಬಲೆ ಹೆಣೆಯೋರು. ಅಲ್ಲಿನ ಪಾಸ್‌ಪೋರ್ಟ್ ಯಂತ್ರ ಒಬ್ರ ಬೆರಳನ್ನೂ ತಗೊಳ್ಲಿಲ್ಲ. ಅದಕ್ಕೇ ನಿಮ್ಮನ್ನ ಅಲ್ಲಿಗೆ ಕರೆಸೋದು ಅಂತ ಆಯ್ತಂತೆ!"

ಫೋನಿನೊಳಗೆ ಏಳು ಹೆಂಗಸರು ಅಂಗೈ ಮುಂದೆ ಹಿಡಿದು ನಗುತ್ತಿದ್ದರು. ಭದ್ರಮ್ಮ ಒಂದು ಗಳಿಗೆ ನೋಡಿದಳು. ಮೂಗೊರೆಸಿಕೊಂಡು ನೆಟ್ಟಗೆ ಕೂತಳು.

"ಮೊದ್ಲು ಮಟ್ಟೆ ನೆನೆ ಹಾಕ್ರವ್ವಾ!" ಎಂದು ಫೋನಿಲ್ಲದೆಯೂ ಮೊಜಾಂಬಿಕಿಗೆ ಕೇಳುವಂತೆ ಕೂಗಿದಳು. ಕೃತಿಕಾ ಅದನ್ನು ಇಂಗ್ಲಿಷಿಗೆ ತಿರುಗಿಸಿದಳು. ಆ ಕಡೆಯಿಂದ ಏನೋ ಪ್ರಶ್ನೆ ಬಂತು.

"ಎಷ್ಟು ದಿನ ನೆನೀಬೇಕು ಅಂತ ಕೇಳ್ತಿದಾರಮ್ಮ."

"ಆರು ತಿಂಗ್ಳು," ಎಂದಳು ಭದ್ರಮ್ಮ. "ಅಷ್ಟ್ರಲ್ಲಿ ನಾನೇ ಬತ್ತೀನಿ ಅನ್ನು."