ಹನ್ನೊಂದರ ಮುಂದೆ ಒಂದು

ಕಾಲೇಜಿಗೆ ಹೋದವರಿಗೆ ಒಂದಿಲ್ಲೊಂದು ಫಜೀತಿ ಆಗುತ್ತಲೇ ಇರುತ್ತದೆ. ಕೆಲವರಿಗೆ ಪಾಠದಿಂದ, ಕೆಲವರಿಗೆ ಖಾನಾವಳಿಯಿಂದ. ನನಗೆ ಆದದ್ದೆಲ್ಲ ನಂಬರಿನಿಂದ.

ಐವತ್ತರ ದಶಕದ ಮಾತು. ಗಜೇಂದ್ರಗಡದಲ್ಲಿ ನಮ್ಮದು ಸೀರೆ ನೇಯುವ ಮನೆ. ನೆಲದಲ್ಲಿ ಗುಂಡಿ ತೋಡಿ ಕೂಡಿಸಿದ ಮೂರು ಕುಣಿಮಗ್ಗಗಳಿದ್ದವು. ಒಂದರಲ್ಲಿ ಅಪ್ಪ ಕೂಡುತ್ತಿದ್ದ, ಇನ್ನೊಂದರಲ್ಲಿ ದೊಡ್ಡಪ್ಪ. ಮೂರನೆಯದು ನಾನು ದೊಡ್ಡವನಾಗಲಿ ಎಂದು ಕಾಯುತ್ತಿತ್ತು. ನಾನು ದೊಡ್ಡವನಾದದ್ದೇನೋ ಖರೆ, ಆದರೆ ಹನ್ನೊಂದನೆಯ ತರಗತಿ, ಅಂದರೆ ಮೆಟ್ರಿಕ್ ಪಾಸಾಗಿ ಧಾರವಾಡದ ಕಾಲೇಜಿಗೆ ಹೋಗುತ್ತೇನೆಂದು ಹಟ ಹಿಡಿದೆ. ಊರಿನಿಂದ ನನ್ನ ಜೊತೆ ಹೊರಟವನು ನೂಲಿನ ಸಾಹುಕಾರನ ಮಗ ಒಬ್ಬನೇ.

ಮನೆಯ ಯಜಮಾನ ದೊಡ್ಡಪ್ಪ. ಆತನಿಗೆ ಅಕ್ಷರ ಬಾರದು, ಆದರೆ ಎಣಿಕೆ ಗಟ್ಟಿ. ಹಾಸಿನಲ್ಲಿ ಒಂದು ಎಳೆ ಕಡಿಮೆಯಿದ್ದರೂ ಬೆರಳಾಡಿಸಿಯೇ ಹೇಳುತ್ತಿದ್ದ. ಅಪ್ಪ ಆತನ ಮಾತು ಮೀರುವವನಲ್ಲ. ದೊಡ್ಡಪ್ಪ ಒಂದೇ ಕರಾರಿನ ಮೇಲೆ ನನ್ನನ್ನು ಬಿಟ್ಟ.

“ವರ್ಷಾ ನಂಬರ ಏರಬೇಕು. ನಂಬರ ಇಳೀತಂದ್ರ ನೀನೂ ಮಗ್ಗದ ಕುಣಿಗೆ ಇಳೀಬೇಕು. ಕಬೂಲೇನ?”

ಕಬೂಲ್ ಎಂದೆ. ಒಂದರ ಮುಂದೆ ಎರಡು, ಎರಡರ ಮುಂದೆ ಮೂರು ಎಂಬುದು ನನಗೆ ಗೊತ್ತಿತ್ತು. ವಿಶ್ವವಿದ್ಯಾಲಯಕ್ಕೂ ಗೊತ್ತಿರುತ್ತದೆ ಅಂದುಕೊಂಡದ್ದು ನನ್ನ ತಪ್ಪು.

ಮೊದಲನೆಯ ಸೀರೆ

ದೀಪಾವಳಿ ಸೂಟಿಗೆ ಮನೆಗೆ ಬಂದೆ. ನಮ್ಮ ಕಡೆ ತರಗತಿಗೆ ಯತ್ತಾ ಅನ್ನುತ್ತಾರೆ. ದೊಡ್ಡಪ್ಪ ನೇಯುತ್ತಲೇ ಕೇಳಿದ.

“ಈಗ ಎಷ್ಟನೇ ಯತ್ತಾ?”

“ಫಸ್ಟ್ ಇಯರ್.”

“ಅಂದ್ರ?”

“ಒಂದನೇದ್ದು.”

ಲಾಳಿ ನಿಂತಿತು. “ಹನ್ನೊಂದು ಮುಗಿಸಿ ಹ್ವಾದಂವಾ ಒಂದಕ್ಕ ಬಂದ್ಯಾ?”

ಅಪ್ಪ ತಲೆ ಎತ್ತಲಿಲ್ಲ. ನನ್ನ ಪುಣ್ಯಕ್ಕೆ ಸಾಲಿಯಲ್ಲಿ ನನಗೆ ಕಲಿಸಿದ ಮಾಸ್ತರರು ಆಗಷ್ಟೇ ಸೀರೆ ಒಯ್ಯಲು ಬಂದು ಕೂತಿದ್ದರು.

“ಯಜಮಾನ್ರ, ಒಂದ ಸೀರಿ ಮುಗಿಸಿ ಇನ್ನೊಂದ ಸುರು ಮಾಡಿದಾಗ ಮತ್ತ ಮೊದಲನೇ ಮೊಳದಿಂದನ ಎಣಸ್ತೀರಿಲ್ಲೊ? ಸಾಲಿ ಒಂದ ಸೀರಿ, ಕಾಲೇಜ ಇನ್ನೊಂದ ಸೀರಿ” ಎಂದರು.

ದೊಡ್ಡಪ್ಪನಿಗೆ ಮನಸ್ಸಿಗೆ ಬಂತು. ಲಾಳಿ ಮತ್ತೆ ಓಡಿತು. ಮಾಸ್ತರರು ಚಹಾ ಕುಡಿದು ಹೊಸ್ತಿಲು ದಾಟುವಾಗ ಆತ ಕರೆದು ಕೇಳಿದ: “ನಿಮ್ಮ ಮಾತು ಖರೇ ಐತ್ರಿ ಮಾಸ್ತರ. ಆದ್ರ ಆ ಮೊದಲನೇ ಸೀರಿ ಎಲ್ಲಿ ಮಾರಿದ್ರಿ, ಅದೊಂದ ಹೇಳಿ ಹೋಗ್ರಿ.”

ಒಂದೇ ನಂಬರು

ಮರುವರ್ಷ ಎರಡು ಬರಬೇಕಲ್ಲ, ಬರಲಿಲ್ಲ. ಫಸ್ಟ್ ಇಯರ್ ಆದ ಮೇಲೆ ಬಂದದ್ದು ಇಂಟರ್. ಇದಕ್ಕೆ ನಂಬರೇ ಇಲ್ಲ. ದೊಡ್ಡಪ್ಪನಿಗೆ ಏನು ಹೇಳಲಿ ಎಂಬ ಚಿಂತೆ ಒಂದು ಕಡೆ, ಎರಡು ಎಲ್ಲಿ ಹೋಯಿತು ಎಂಬ ಕುತೂಹಲ ಇನ್ನೊಂದು ಕಡೆ. ಕಾಲೇಜಿನ ಹೆಡ್ ಕ್ಲಾರ್ಕರ ಹತ್ತಿರ ಹೋದೆ.

“ಸೆಕೆಂಡ್ ಇಯರ್ ಇಲ್ಲೇನ್ರಿ, ಸರ್?”

“ಐತಿ. ಅದಕ್ಕ ಇಂಟರ್ ಅಂತಾರ.”

“ಮತ್ತ ಮೂರನೇದ್ದಕ್ಕ?”

“ಜೂನಿಯರ್ ಬಿ.ಎ.”

“ನಾಕನೇದ್ದಕ್ಕ?”

“ಸೀನಿಯರ್ ಬಿ.ಎ.”

“ಹಂಗಾರ ನಂಬರ ಒಂದಕ್ಕಷ್ಟ ಯಾಕ್ರಿ?”

ಕ್ಲಾರ್ಕರು ಕನ್ನಡಕ ತೆಗೆದು ಧೋತರದ ತುದಿಯಿಂದ ಒರೆಸಿದರು. ಇಪ್ಪತ್ತು ವರ್ಷ ಆ ಕುರ್ಚಿಯಲ್ಲಿ ಕೂತಿದ್ದರೂ ಇದನ್ನು ಯಾರೂ ಅವರಿಗೆ ಕೇಳಿರಲಿಲ್ಲವಂತೆ.

“ಒಂದ ಎಣಿಸೂದ್ರಾಗನ ದಣದಿರಬೇಕಪಾ” ಎಂದರು.

ಊರಿಗೆ ಬಂದು ದೊಡ್ಡಪ್ಪನಿಗೆ, “ಇಂಟರ್ ಅಂದ್ರ ನಡುವಿಂದು” ಎಂದು ಸರಳ ಮಾಡಿ ಹೇಳಿದೆ. ನಮ್ಮೂರಿಗೆ ಟೂರಿಂಗ್ ಸಿನಿಮಾದ ಡೇರೆ ಬಂದು ಹೋಗಿ ತಿಂಗಳಾಗಿತ್ತು. ಆತನ ಮುಖ ಗಂಭೀರವಾಯಿತು. “ಅಲ್ಲಿ ಇಂಟರ್ವಲ್ ಹತ್ತ ನಿಮಿಷ ಇತ್ತು. ನಿಮ್ಮ ಕಾಲೇಜಿನ್ಯಾಗ ಒಂದ ವರ್ಷ ಬಿಡತಾರೇನ? ಅಷ್ಟ ದಿನಾ ಶೇಂಗಾ ತಿನಕೋತ ಕೂಡೂದಾ?”

ಅಂದಿನಿಂದ ನಾನು ಇಂಗ್ಲಿಷ್ ಹೆಸರು ಬಿಟ್ಟೆ. ಇಂಟರ್ ಎರಡು, ಜೂನಿಯರ್ ಮೂರು, ಸೀನಿಯರ್ ನಾಲ್ಕು ಎಂದು ಆತನೆದುರು ಗೋಡೆಯ ಮೇಲೆ ಸುಣ್ಣದಲ್ಲಿ ಗೆರೆ ಎಳೆದು ತೋರಿಸಿದೆ. ಆತನಿಗೆ ಸಮಾಧಾನವಾಯಿತು. ವಿಶ್ವವಿದ್ಯಾಲಯ ಮಾಡದ ಕೆಲಸ ನಾನು ಮಾಡಿದೆನೆಂದು ಸ್ವಲ್ಪ ಸೊಕ್ಕೂ ಬಂತು.

ಎಂಟು ಪೇಪರು

ಬಿ.ಎ.ಗೆ ಎಂಟು ಪೇಪರು. ಒಂದನೆಯದು, ಎರಡನೆಯದು ಎಂದು ಅವಕ್ಕೆ ಮಾತ್ರ ನೀಟಾಗಿ ನಂಬರು ಹಚ್ಚಿದ್ದರು. ಒಂದು ಸೂಟಿಯಲ್ಲಿ ಓದುತ್ತ ಕೂತಾಗ ದೊಡ್ಡಪ್ಪ, ಇನ್ನೂ ಎಷ್ಟು ಬಾಕಿ ಎಂದ.

“ಎಂಟ ಪೇಪರ್ ಬರೀಬೇಕು” ಎಂದೆ.

“ಎಂಟ ಹಾಳಿ ಬರ್ಯಾಕ ನಾಕ ವರ್ಷ ಬೇಕಾ?” ಎಂದು ಆತ ಅಪ್ಪನ ಕಡೆ ತಿರುಗಿದ. “ನಮ್ಮ ಕುಲಕರ್ಣಿ ಮುಂಜಾನಿ ಚಾದ ಮುಂದ ಬರದ ಒಗೀತಾನ.”

ಯಾರ ಚೀಲ

ಜೂನಿಯರ್ ಬಿ.ಎ. ಇದ್ದಾಗ ನರಗುಂದದಿಂದ ಒಬ್ಬರು ವರ ನೋಡಲು ಬಂದರು. ಕಾಲು ತೊಳೆದು, ಜಮಖಾನೆಯ ಮೇಲೆ ಕೂತು, ಅವಲಕ್ಕಿ ತಿಂದರು. ಹುಡುಗ ಏನು ಕಲಿಯುತ್ತಾನೆ ಎಂದರು. ಅಪ್ಪ ಹೆಮ್ಮೆಯಿಂದ, “ಜೂನಿಯರ್ ಬಿ.ಎ. ಅದಾನ್ರಿ” ಎಂದ.

ಅವರಿಗೆ ಜಮೀನಿನ ವ್ಯಾಜ್ಯವಿತ್ತು. ರೋಣದ ಕೋರ್ಟಿಗೆ ಅಡ್ಡಾಡಿ ಅಡ್ಡಾಡಿ ಚಪ್ಪಲಿ ಸವೆದಿದ್ದವು. ಜೂನಿಯರ್ ಎಂಬ ಮಾತು ಅವರಿಗೆ ಅಲ್ಲಿಂದಲೇ ಪರಿಚಯ.

“ಜೂನಿಯರ್ ಅಂದ್ರ ನನಗ ಗೊತ್ತೈತ್ರಿ. ಜೂನಿಯರ್ ವಕೀಲಾ ಸೀನಿಯರ್ ವಕೀಲನ ಚೀಲಾ ಹೊರತಾನ. ನಿಮ್ಮ ಹುಡುಗ ಯಾರ ಚೀಲಾ ಹೊರತಾನ್ರಿ?”

“ಯಾರದೂ ಇಲ್ರಿ. ಮುಂದಿನ ವರ್ಷ ಇಂವನ ಸೀನಿಯರ್ ಆಗತಾನ.”

“ಹೌದ?” ಎಂದು ಅವರು ಎದ್ದು ರುಮಾಲು ಸರಿಮಾಡಿಕೊಂಡರು. “ಹಂಗಾರ ಮುಂದಿನ ವರ್ಷ ಬರ್ತೀನ್ರಿ. ಆವಾಗ ಇಂವನ ಚೀಲಾ ಹೊರಾಂವನ್ನೂ ನೋಡಿದಂಗ ಆತು. ನನಗ ಇಬ್ಬರು ಹೆಣ್ಣಮಕ್ಕಳದಾರ.”

ಇಳಿದವರು

ಕೊನೆಗೆ ಸೀನಿಯರ್ ಬಿ.ಎ. ರಿಜಲ್ಟ್ ಬಂತು. ಪಾಸಾಗಿದ್ದೆ. ನರಗುಂದದ ಹೈಸ್ಕೂಲಿನಲ್ಲಿ ಮಾಸ್ತರಕಿ ಖಾಲಿಯಿತ್ತು. ಅಲ್ಲಿಯ ಹೆಡ್ ಮಾಸ್ತರರು ಬಿ.ಎ. ಪಾಸಾದರೆ ಸಾಕು, ಸೋಮವಾರ ಬಂದು ಹಾಜರಾಗು ಎಂದಿದ್ದರು. ನನಗೆ ಆ ಕೆಲಸ ಬೇಕೇ ಬೇಕಾಗಿತ್ತು. ಮಗ್ಗದ ಮೇಲೆ ಸಿಟ್ಟಿಲ್ಲ, ಆದರೆ ಕಲಿತದ್ದನ್ನು ಇನ್ನೊಬ್ಬರಿಗೆ ಹೇಳಬೇಕೆಂಬ ಹುಚ್ಚು ಹಿಡಿದಿತ್ತು. ದೊಡ್ಡಪ್ಪನ ಕಾಲಿಗೆ ಬಿದ್ದು ಪಾಸಾದೆ, ಸೋಮವಾರ ನರಗುಂದಕ್ಕೆ ಹೋಗಬೇಕೆಂದೆ.

“ನಂಬರ?”

ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಥರ್ಡ್ ಕ್ಲಾಸ್.”

“ಅಂದ್ರ?”

“ಮೂರನೇದ್ದು.”

ಆತ ಗೋಡೆಯ ಮೇಲಿನ ಗೆರೆ ನೋಡಿದ. “ನಾಕರಾಗ ಇದ್ದಂವಾ ಮೂರಕ್ಕ ಬಂದಿ. ಇಳೀತು.”

ಅದು ಬೇರೆ ಲೆಕ್ಕ, ಅಲ್ಲಿ ಕಡಿಮೆ ನಂಬರೇ ಚಲೋ ಎಂದು ಹೇಳಬಹುದಿತ್ತು. ಹೇಳಿದರೆ ನಾನು ಎಲ್ಲರಿಗಿಂತ ಕೆಳಗಿನವನೆಂದು ಬಯಲಾಗುತ್ತಿತ್ತು. ಹಿಂದೆ ಬಾವಿ, ಮುಂದೆ ಕೆರೆ. ದೊಡ್ಡಪ್ಪ ಕಸಬರಿಗೆ ಹಿಡಿದು ಮೂರನೆಯ ಮಗ್ಗದ ಕುಣಿಗಿಳಿದು ಕಸ ಹೊಡೆಯತೊಡಗಿದ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೂ ಅಳು ಬಂತು. ನಾಲ್ಕು ವರ್ಷ ಓದಿದ್ದು ಈ ಕುಣಿಗೇ ಬಂತಲ್ಲ ಅನಿಸಿತು.

ಆತ ಕುಣಿಯೊಳಗಿಂದಲೇ ಕೇಳಿದ: “ಸಾಹುಕಾರನ ಮಗಂದು ಏನಾತು?”

“ಫಸ್ಟ್ ಕ್ಲಾಸ್.”

“ಅಂದ್ರ ಒಂದನೇದ್ದ?”

“ಹೌದು.”

ಕಸಬರಿಗೆ ನಿಂತಿತು. “ನಾಕರಿಂದ ಒಂದಕ್ಕ?”

ಆತ ಮೇಲೆ ಬಂದು ಕೈ ತೊಳೆದು, ರುಮಾಲು ಸುತ್ತಿಕೊಂಡು, ಪೇಟೆಯ ಕಡೆ ನಡೆದ. ನಾನೂ ಅಪ್ಪನೂ ಬೆನ್ನು ಹತ್ತಿದೆವು. ಸಾಹುಕಾರರು ಅಂಗಡಿಯ ಮುಂದೆ ನಿಂತು ಬಂದವರಿಗೆಲ್ಲ ಪೇಢೆ ಹಂಚುತ್ತಿದ್ದರು. ಪಕ್ಕದಲ್ಲೇ ಮಗ ಹೊಸ ಕೋಟು ಹಾಕಿಕೊಂಡು ನಿಂತಿದ್ದ. ದೊಡ್ಡಪ್ಪ ಸಾಹುಕಾರರ ಎರಡೂ ಕೈ ಹಿಡಿದುಕೊಂಡ. ಆತನ ಕಣ್ಣು ಒದ್ದೆಯಾಗಿದ್ದವು.

“ಧೈರ್ಯಾ ಬಿಡಬ್ಯಾಡ್ರಿ ಸಾಹುಕಾರ್ರ. ಇಂಥಾ ಹೊತ್ತಿನ್ಯಾಗೂ ಪೇಢೆ ಹಂಚಾಕ ಹತ್ತೀರಿ, ನಿಮ್ಮದು ಭಾಳ ದೊಡ್ಡ ಮನಸ.”

ಸಾಹುಕಾರರು ಪೇಢೆ ಹಿಡಿದ ಕೈ ಹಾಗೇ ಬಿಟ್ಟು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

“ನಮ್ಮಂವಾ ಒಂದ ನಂಬರ ಇಳದಾನ, ತಡಕೋತೀವಿ. ನಾಳೆ ಸೋಮವಾರ ನರಗುಂದಕ್ಕ ಮಾಸ್ತರಕಿಗೆ ಕಳಸ್ತೀನಿ” ಎಂದು ದೊಡ್ಡಪ್ಪ ಫಸ್ಟ್ ಕ್ಲಾಸ್ ಪಾಸಾದವನ ಬೆನ್ನ ಮೇಲೆ ಕೈಯಾಡಿಸಿದ. “ನಿಮ್ಮ ಹುಡುಗ ಮೂರು ಇಳದಾನ. ಭಾಳ ಇಳದಂವಗ ಮೊದಲ ದಾರಿ ಮಾಡಬೇಕು. ನಮ್ಮಲ್ಲೆ ಒಂದ ಮಗ್ಗಾ ಖಾಲಿ ಐತ್ರಿ, ಕುಣಿ ಈಗರ ಕಸಾ ಹೊಡದ ಬಂದೀನಿ. ನಾಳೆ ಮುಂಜಾನಿಯಿಂದನ ಕಳಸ್ರಿ.”